ಜಠರದ ಕ್ಯಾನ್ಸರ್‌ಪೂರ್ವ ಬದಲಾವಣೆಗಳು: ಎಂಡೋಸ್ಕೋಪಿಯಲ್ಲಿ ಪತ್ತೆ

ಜಠರದಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಅದರ ಒಳಪದರದಲ್ಲಿ ಹಂತಹಂತವಾಗಿ ನಡೆಯುವ ಮಾರ್ಪಾಡುಗಳಿಗೆ ಕ್ಯಾನ್ಸರ್‌ಪೂರ್ವ ಬದಲಾವಣೆಗಳೆಂದು ಹೆಸರು. ಜೀರ್ಣರಸ ಸ್ರವಿಸುವ ಗ್ರಂಥಿಗಳು ನಶಿಸುವುದು, ಜಠರದ ಪದರ ಕರುಳಿನ ಪದರದ ರೂಪ ತಾಳುವುದು, ಜೀವಕೋಶಗಳ ಆಕಾರ ಮತ್ತು ಜೋಡಣೆ ಕೆಡುವುದು ಇವುಗಳಲ್ಲಿ ಮುಖ್ಯವಾದವು. ಇವು ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ಸ್ಕ್ಯಾನಿಂಗ್‌ನಲ್ಲಿ ಕಾಣುವುದೂ ಇಲ್ಲ. ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ ಒಳಗೋಡೆಯನ್ನು ನೋಡುವ ಎಂಡೋಸ್ಕೋಪಿ ಮತ್ತು ಅದರ ಜೊತೆಗೇ ಚೂರು ತೆಗೆದು ಮಾಡುವ ಬಯಾಪ್ಸಿಯಿಂದ ಇವನ್ನು ಖಚಿತವಾಗಿ ಗುರುತಿಸಬಹುದು. ಈ ಹಂತದಲ್ಲಿ ಸಿಕ್ಕರೆ ಕ್ಯಾನ್ಸರನ್ನು ಎಷ್ಟೋ ಮಟ್ಟಿಗೆ ತಡೆಯಬಹುದು, ಇಲ್ಲವೇ ಹೊಟ್ಟೆ ಕೊಯ್ಯದೆ ತೆಗೆದುಹಾಕಬಹುದು. ಚಿತ್ರದುರ್ಗ ಜಿಲ್ಲೆಯ ಪರಶುರಾಂಪುರದಂತೆ ದೊಡ್ಡಾಸ್ಪತ್ರೆ ದೂರವಿರುವ ಊರುಗಳಿಗೆ ಇದು ಮುಖ್ಯ ವಿಷಯ. ರೋಗ ನಿಧಾನವಾಗಿ ಬೆಳೆಯುವುದರಿಂದ, ಸರಿಯಾಗಿ ಮಾಡಿದ ಒಂದೇ ಪರೀಕ್ಷೆ ಮುಂದಿನ ಹಲವು ವರ್ಷ ಏನು ಮಾಡಬೇಕೆಂಬುದನ್ನು ತಿಳಿಸಬಲ್ಲದು.

ರೋಗದ ಹರವು

2022ರಲ್ಲಿ ಜಗತ್ತಿನಲ್ಲಿ ಸುಮಾರು 9.7 ಲಕ್ಷ ಜನರಿಗೆ ಹೊಸದಾಗಿ ಜಠರ ಕ್ಯಾನ್ಸರ್ ಬಂದಿತು, ಸುಮಾರು 6.6 ಲಕ್ಷ ಜನ ಅದರಿಂದ ಸತ್ತರು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಂದಾಜಿಸಿದೆ. ಹೊಸ ರೋಗಿಗಳ ಲೆಕ್ಕದಲ್ಲೂ ಸಾವಿನ ಲೆಕ್ಕದಲ್ಲೂ ಇದು ಐದನೆಯ ಸ್ಥಾನದ ಕ್ಯಾನ್ಸರ್. ಜಪಾನ್, ಕೊರಿಯಾ, ಚೀನಾ ದೇಶಗಳಲ್ಲಿ ಇದರ ಹಾವಳಿ ಹೆಚ್ಚು. ಭಾರತದಲ್ಲಿ ಮಿಜೋರಾಂ ಎಲ್ಲಕ್ಕಿಂತ ಮುಂದಿದೆ. ದಕ್ಷಿಣದಲ್ಲಿ ಚೆನ್ನೈ ಮತ್ತು ಬೆಂಗಳೂರಿನ ಗಂಡಸರಲ್ಲಿ ಇದು ಬಹುಕಾಲದಿಂದ ಪ್ರಮುಖ ಕ್ಯಾನ್ಸರ್‌ಗಳ ಸಾಲಿನಲ್ಲಿದೆ.

ಕರ್ನಾಟಕದ ಚಿತ್ರ ತಿಳಿದಿರುವುದು ಮುಖ್ಯವಾಗಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿಂದ. 1973ರಲ್ಲಿ ಆರಂಭವಾದ ಈ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಯೋಜನೆಯ ಅಂಗವಾಗಿ 1982ರಿಂದ ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿ ನಡೆಸುತ್ತ ಬಂದಿದೆ. ನಮ್ಮ ದೇಶದ ಬಹುತೇಕ ಜಠರ ಕ್ಯಾನ್ಸರ್ ರೋಗಿಗಳು ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಬಲಿತಿರುತ್ತದೆ. ಊಟ ಸೇರದಿರುವುದು, ತೂಕ ಇಳಿಯುವುದು, ವಾಂತಿ, ಕಪ್ಪು ಮಲ ಇವು ಕಾಣಿಸಿಕೊಂಡ ಮೇಲೆ ಗಡ್ಡೆ ಜಠರದ ಸ್ನಾಯುಪದರವನ್ನು ದಾಟಿರುವುದೇ ಹೆಚ್ಚು. ರೋಗ ಒಳಗಿನ ಲೋಳೆಪದರದೊಳಗೇ ಇರುವಾಗ ಸಿಕ್ಕ ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ಈ ಅಂತರವನ್ನು ತುಂಬುವುದೇ ಬೇಗನೆ ಪತ್ತೆ ಮಾಡುವ ಪ್ರಯತ್ನದ ಗುರಿ.

ಬದಲಾವಣೆಯ ಹಂತಗಳು

ಜಠರ ಕ್ಯಾನ್ಸರ್‌ನಲ್ಲಿ ಎರಡು ಮುಖ್ಯ ಬಗೆಗಳಿವೆ ಎಂದು 1965ರಲ್ಲಿ ಫಿನ್‌ಲೆಂಡಿನ ಪೆಕ್ಕ ಲೌರೆನ್ ತೋರಿಸಿದರು. ಮೊದಲನೆಯದು ಕರುಳಿನ ಗ್ರಂಥಿಗಳನ್ನು ಹೋಲುವ ಬಗೆ, ಎರಡನೆಯದು ಬಿಡಿಬಿಡಿ ಕೋಶಗಳಾಗಿ ಗೋಡೆಯೊಳಗೆ ಹರಡುವ ಬಗೆ. ಮೊದಲನೆಯದು ಸಾಗಿಬರುವ ದಾರಿಯನ್ನು ಕೊಲಂಬಿಯಾ ಮೂಲದ ರೋಗವಿಜ್ಞಾನಿ ಪೆಲಾಯೊ ಕೊರೆಯಾ ಮತ್ತು ಸಂಗಡಿಗರು 1975ರಲ್ಲಿ ವಿವರಿಸಿದರು. ಇದಕ್ಕೆ ಕೊರೆಯಾ ಸರಣಿ ಎಂದೇ ಹೆಸರು.

ಸರಣಿಯ ಮೊದಲ ಹಂತ ದೀರ್ಘಕಾಲದ ಉರಿಯೂತ, ಅಂದರೆ ಗ್ಯಾಸ್ಟ್ರೈಟಿಸ್. ಉರಿಯೂತ ವರ್ಷಗಟ್ಟಲೆ ಉಳಿದರೆ ಆಮ್ಲ ಮತ್ತು ಪೆಪ್ಸಿನೊಜೆನ್ ಸ್ರವಿಸುವ ಗ್ರಂಥಿಗಳು ನಶಿಸಿ ಪದರ ತೆಳ್ಳಗಾಗುತ್ತದೆ. ಇದು ಅಟ್ರೊಫಿ. ಮೂರನೆಯ ಹಂತದಲ್ಲಿ ಜಠರದ ಕೋಶಗಳ ಜಾಗದಲ್ಲಿ ಕರುಳಿನ ಕೋಶಗಳಂಥವು ಬೆಳೆಯುತ್ತವೆ. ಇದನ್ನು ಇಂಟೆಸ್ಟಿನಲ್ ಮೆಟಾಪ್ಲೇಸಿಯಾ ಎನ್ನುತ್ತಾರೆ. ನಾಲ್ಕನೆಯದು ಡಿಸ್‌ಪ್ಲೇಸಿಯಾ. ಕೋಶಗಳ ಕೇಂದ್ರ ದೊಡ್ಡದಾಗಿ ಗ್ರಂಥಿಗಳ ಶಿಸ್ತು ತಪ್ಪಿರುತ್ತದೆ, ಆದರೆ ಕೋಶಗಳು ಇನ್ನೂ ಗೋಡೆಯೊಳಕ್ಕೆ ನುಗ್ಗಿರುವುದಿಲ್ಲ. ಅಲ್ಲಿಂದ ಮುಂದಿನದು ಕ್ಯಾನ್ಸರ್.

ಈ ದಾರಿಯನ್ನು ಎಲ್ಲರೂ ಕೊನೆಯವರೆಗೆ ಸವೆಸುವುದಿಲ್ಲ. ನೆದರ್ಲೆಂಡ್ಸ್ ದೇಶದಾದ್ಯಂತದ ಬಯಾಪ್ಸಿ ದಾಖಲೆಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪತ್ತೆಯಾದ ಮೊದಲ ಐದು ವರ್ಷಗಳಲ್ಲಿ ಕ್ಯಾನ್ಸರ್ ಬರುವ ವಾರ್ಷಿಕ ಪ್ರಮಾಣವನ್ನು ಲೆಕ್ಕ ಹಾಕಿತು. ಅಟ್ರೊಫಿ ಇದ್ದವರಲ್ಲಿ ಅದು ಶೇ. 0.1, ಮೆಟಾಪ್ಲೇಸಿಯಾ ಇದ್ದವರಲ್ಲಿ ಶೇ. 0.25, ಸಾಧಾರಣ ಡಿಸ್‌ಪ್ಲೇಸಿಯಾದಲ್ಲಿ ಶೇ. 0.6, ತೀವ್ರ ಡಿಸ್‌ಪ್ಲೇಸಿಯಾದಲ್ಲಿ ಶೇ. 6. ವರದಿಯಲ್ಲಿ ಮೆಟಾಪ್ಲೇಸಿಯಾ ಎಂಬ ಪದ ಕಂಡವರು ಎದೆಗುಂದಬೇಕಿಲ್ಲ, ಆದರೆ ಆ ವರದಿಯನ್ನು ಮೂಲೆಗೆ ಹಾಕುವಂತೆಯೂ ಇಲ್ಲ. ಹರಡುವ ಬಗೆಯ ಕ್ಯಾನ್ಸರ್ ಮಾತ್ರ ಈ ಮೆಟ್ಟಿಲುಗಳನ್ನು ಹತ್ತಿ ಬರಬೇಕೆಂದಿಲ್ಲ. ಅದರಲ್ಲಿ ಕೆಲವು ವಂಶಪಾರಂಪರ್ಯವಾಗಿ ಬರುತ್ತವೆ. ಇದಕ್ಕೆ ಕಾರಣವಾಗುವ ಸಿಡಿಎಚ್1 ಜೀನ್‌ನ ದೋಷವನ್ನು 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ ಗುರುತಿಸಲಾಯಿತು.

ಕಾರಣಗಳು

ಮೊದಲ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಜಠರದ ಆಮ್ಲದಲ್ಲಿ ಯಾವ ಜೀವಿಯೂ ನೆಲೆಸಲಾರದೆಂಬ ನಂಬಿಕೆಯನ್ನು ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಬುಡಮೇಲು ಮಾಡಿದರು. 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 1994ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ದರ್ಜೆಯ ಕಾರಕಗಳ ಪಟ್ಟಿಗೆ ಸೇರಿಸಲಾಯಿತು. ಸೋಂಕು ತಗಲುವುದು ಹೆಚ್ಚಾಗಿ ಬಾಲ್ಯದಲ್ಲಿ, ಮನೆಮಂದಿಯಿಂದ. ಇಕ್ಕಟ್ಟಾದ ಮನೆ, ಶೌಚದ ಕೊರತೆ, ಅಶುದ್ಧ ನೀರು ಇದಕ್ಕೆ ಅನುಕೂಲ. ಭಾರತದಲ್ಲಿ ವಯಸ್ಕರ ಬಹುದೊಡ್ಡ ಪಾಲಿಗೆ ಈ ಸೋಂಕಿದ್ದರೂ ಕ್ಯಾನ್ಸರ್ ಆ ಪ್ರಮಾಣದಲ್ಲಿಲ್ಲ. ಬ್ಯಾಕ್ಟೀರಿಯಾದ ತಳಿ, ಸೋಂಕಿತರ ದೇಹಗುಣ, ಆಹಾರ ಇವೆಲ್ಲ ಸೇರಿ ಫಲಿತಾಂಶ ನಿರ್ಧಾರವಾಗುತ್ತದೆ.

ಉಪ್ಪು ಹಾಕಿ ಅಥವಾ ಹೊಗೆಗೆ ಹಿಡಿದು ಕೆಡದಂತೆ ಇಟ್ಟ ಆಹಾರ, ಬೀಡಿ ಸಿಗರೇಟು, ಅತಿಯಾದ ಮದ್ಯಪಾನ ಇವು ಅಪಾಯ ಹೆಚ್ಚಿಸುತ್ತವೆ. ಹಣ್ಣು ತರಕಾರಿ ರಕ್ಷಣೆ ಕೊಡುತ್ತವೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಜಠರ ಕ್ಯಾನ್ಸರ್ ಇದ್ದರೆ ಎಚ್ಚರ ಹೆಚ್ಚಬೇಕು. ಇವಲ್ಲದೆ, ದೇಹದ ರೋಗನಿರೋಧಕ ವ್ಯವಸ್ಥೆಯೇ ಜಠರದ ಆಮ್ಲಕೋಶಗಳ ಮೇಲೆ ತಿರುಗಿಬೀಳುವ ಒಂದು ಬಗೆಯ ಗ್ಯಾಸ್ಟ್ರೈಟಿಸ್ ಇದೆ. ಅಲ್ಲಿ ಅಟ್ರೊಫಿ ಜಠರದ ಮೇಲ್ಭಾಗ ಮತ್ತು ನಡುಭಾಗಕ್ಕೆ ಸೀಮಿತವಾಗಿ, ಬಿ12 ಜೀವಸತ್ವದ ಕೊರತೆಯಿಂದ ರಕ್ತಹೀನತೆ ಬರುತ್ತದೆ.

ಉಪಕರಣ ಬೆಳೆದು ಬಂದ ಬಗೆ

1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್‌ಮೌಲ್, ಕತ್ತಿ ನುಂಗುವ ಪ್ರದರ್ಶನಕಾರನೊಬ್ಬನ ನೆರವಿನಿಂದ ನೇರವಾದ ಲೋಹದ ಕೊಳವೆಯನ್ನು ಜಠರಕ್ಕಿಳಿಸಿದರು. 1932ರಲ್ಲಿ ರುಡಾಲ್ಫ್ ಶಿಂಡ್ಲರ್ ಅರ್ಧ ಬಾಗುವ ಕೊಳವೆಯನ್ನು ತಂದರು. 1950ರ ಸುಮಾರಿಗೆ ಜಪಾನಿನ ಒಲಿಂಪಸ್ ಕಂಪನಿ ಜಠರದೊಳಗೆ ಫೋಟೊ ತೆಗೆಯುವ ಗ್ಯಾಸ್ಟ್ರೊಕ್ಯಾಮೆರಾ ರೂಪಿಸಿತು. 1957ರಲ್ಲಿ ಬೇಸಿಲ್ ಹಿರ್ಷೊವಿಟ್ಸ್ ಗಾಜಿನ ತಂತುಗಳ, ಪೂರ್ತಿ ಬಾಗುವ ಉಪಕರಣವನ್ನು ಬಳಕೆಗೆ ತಂದರು. ಬೇಗನೆ ಪತ್ತೆ ಮಾಡುವ ಶಾಸ್ತ್ರ ಬೆಳೆದದ್ದು ಜಪಾನಿನಲ್ಲೇ. ಕ್ಯಾನ್ಸರ್ ಲೋಳೆಪದರಕ್ಕೆ ಅಥವಾ ಅದರ ಕೆಳಪದರಕ್ಕೆ ಸೀಮಿತವಾಗಿದ್ದರೆ ಅದು ಆರಂಭಿಕ ಜಠರ ಕ್ಯಾನ್ಸರ್ ಎಂಬ ವ್ಯಾಖ್ಯೆ 1962ರಲ್ಲಿ ಅಲ್ಲಿ ರೂಪುಗೊಂಡಿತು. ಅಟ್ರೊಫಿ ಜಠರದಲ್ಲಿ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಕಣ್ಣಳತೆಯಲ್ಲೇ ಹೇಳುವ ಕಿಮುರಾ–ಟಕೆಮೊಟೊ ವರ್ಗೀಕರಣ ಬಂದದ್ದು 1969ರಲ್ಲಿ.

ಪರೀಕ್ಷೆ ನಡೆಯುವ ಬಗೆ

ಪರೀಕ್ಷೆಗೆ ಬರುವವರು ಹಿಂದಿನ ರಾತ್ರಿಯಿಂದ, ಕನಿಷ್ಠ ಆರರಿಂದ ಎಂಟು ಗಂಟೆ, ಏನನ್ನೂ ತಿಂದಿರಬಾರದು. ನೊರೆ ಕರಗಿಸುವ ಸಿಮೆಥಿಕೋನ್ ದ್ರವವನ್ನು ಮೊದಲೇ ಕುಡಿಸಿದರೆ ಗೋಡೆ ತಿಳಿಯಾಗಿ ಕಾಣುತ್ತದೆ. ಗಂಟಲಿಗೆ ಲಿಗ್ನೊಕೇನ್ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿ, ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆ ಇಟ್ಟು, ಕಿರುಬೆರಳ ದಪ್ಪದ ಕೊಳವೆಯನ್ನು ಇಳಿಸುತ್ತಾರೆ. ಬೇಕಾದವರಿಗೆ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ. ಅಪಾಯ ತೀರಾ ಅಪರೂಪ.

ಪರೀಕ್ಷೆಯ ಗುಣಮಟ್ಟ ನಿಂತಿರುವುದು ನೋಡುವವರ ತಾಳ್ಮೆಯ ಮೇಲೆ. ಜಠರಕ್ಕೆ ಗಾಳಿ ತುಂಬಿ ಮಡಿಕೆಗಳನ್ನು ಬಿಡಿಸಬೇಕು, ಲೋಳೆಯನ್ನು ನೀರಿನಿಂದ ತೊಳೆದು ಹೀರಿ ತೆಗೆಯಬೇಕು, ಕೆಳಗಿನ ಆ್ಯಂಟ್ರಂ ಭಾಗದಿಂದ ಮೇಲಿನವರೆಗೆ ನಾಲ್ಕೂ ಗೋಡೆಗಳನ್ನು ಸಾಲಾಗಿ ನೋಡಬೇಕು. ಕೊಳವೆಯ ತುದಿಯನ್ನು ಹಿಂದಕ್ಕೆ ಬಾಗಿಸಿ ಅನ್ನನಾಳ ಸೇರುವ ಜಾಗವನ್ನೂ ಜಠರದ ಒಳಬಾಗಿದ ಚಿಕ್ಕ ಅಂಚಾದ ಕಿರುಬಾಗನ್ನೂ ಪರೀಕ್ಷಿಸಬೇಕು. ಜಪಾನಿನ ಕೆನ್ಶಿ ಯಾವೊ ಸೂಚಿಸಿದ ಕ್ರಮದಲ್ಲಿ ಜಠರದ ಒಳಗಿನ 22 ನಿಗದಿತ ಚಿತ್ರಗಳನ್ನು ತೆಗೆಯಬೇಕಾಗುತ್ತದೆ. ಯಾವ ಮೂಲೆಯೂ ಬಿಟ್ಟುಹೋಗಬಾರದೆಂಬುದು ಇದರ ಉದ್ದೇಶ. ಸಿಂಗಪುರದ ಆಸ್ಪತ್ರೆಯೊಂದರ ದಾಖಲೆಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸರಾಸರಿ ಏಳು ನಿಮಿಷಕ್ಕಿಂತ ಹೆಚ್ಚು ಹೊತ್ತು ನೋಡುವ ವೈದ್ಯರು ಅವಸರದಲ್ಲಿ ಮುಗಿಸುವವರಿಗಿಂತ ಎರಡು ಪಟ್ಟು ಹೆಚ್ಚು ಅಪಾಯಕಾರಿ ಬದಲಾವಣೆಗಳನ್ನು ಹಿಡಿದರು. ಕ್ಯಾನ್ಸರ್ ಪತ್ತೆಯಾದ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ, ಹಿಂದಿನ ಮೂರು ವರ್ಷಗಳಲ್ಲೇ ಎಂಡೋಸ್ಕೋಪಿ ಆಗಿದ್ದು ರೋಗ ಕಣ್ತಪ್ಪಿ ಹೋಗಿತ್ತೆಂದು ಹಲವು ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ.

ಕಣ್ಣಿಗೆ ಕಾಣುವ ಗುರುತುಗಳು

ಆರೋಗ್ಯವಂತ ಜಠರದ ನಡುಭಾಗದ ಕೆಳಗಡೆ, ಕಿರುಬಾಗಿನಲ್ಲಿ, ಪುಟ್ಟ ಕೆಂಪು ಚುಕ್ಕೆಗಳು ಒಂದೇ ಅಂತರದಲ್ಲಿ ಹರಡಿರುತ್ತವೆ. ಹತ್ತಿರ ಹೋದರೆ ಒಂದೊಂದೂ ನಕ್ಷತ್ರಮೀನಿನಂತೆ ಕವಲೊಡೆದ ಕಿರುಸಿರೆ. ಇವು ಸ್ಪಷ್ಟವಾಗಿ ಕಂಡರೆ ಅಲ್ಲಿ ಪೈಲೋರಿ ಸೋಂಕು ಇಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಸೋಂಕು ಇದ್ದಲ್ಲಿ ಪದರ ಊದಿ ಕೆಂಪಾಗಿ, ಅಂಟು ಲೋಳೆ ಮೆತ್ತಿಕೊಂಡು ಈ ಚುಕ್ಕೆಗಳು ಮರೆಯಾಗುತ್ತವೆ. ಅಟ್ರೊಫಿಯಲ್ಲಿ ಪದರ ಬಿಳಿಚಿಕೊಂಡು, ಮಡಿಕೆಗಳು ಮಾಯವಾಗಿ, ಕೆಳಗಿನ ರಕ್ತನಾಳಗಳ ಜಾಲ ಮೇಲಕ್ಕೇ ಕಾಣುತ್ತದೆ. ತೆಳುವಾದ ಪದರಕ್ಕೂ ಉಳಿದ ಪದರಕ್ಕೂ ನಡುವೆ ಗಡಿರೇಖೆಯೊಂದು ಇರುತ್ತದೆ. ಆ ರೇಖೆ ಎಷ್ಟು ಮೇಲಕ್ಕೇರಿದ್ದರೆ ಅಪಾಯ ಅಷ್ಟು ಹೆಚ್ಚು.

ಮೆಟಾಪ್ಲೇಸಿಯಾ ಸಾಮಾನ್ಯ ಬಿಳಿ ಬೆಳಕಿನಲ್ಲಿ ಬೂದುಬಿಳಿಯ, ಕೊಂಚ ಎದ್ದ ಮಚ್ಚೆಗಳಾಗಿ ಕಾಣುತ್ತದೆ, ಎಷ್ಟೋ ಸಲ ಕಾಣುವುದೇ ಇಲ್ಲ. ಇಲ್ಲಿ ನೆರವಿಗೆ ಬರುವುದು ಎನ್‌ಬಿಐ ಎಂಬ ಕಿರುಪಟ್ಟಿಯ ಬೆಳಕು. ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುವ 415 ಮತ್ತು 540 ನ್ಯಾನೊಮೀಟರ್ ಸುತ್ತಲಿನ ನೀಲಿ, ಹಸಿರು ಕಿರಣಗಳನ್ನಷ್ಟೇ ಬಿಟ್ಟಾಗ ಮೇಲ್ಪದರದ ಸಣ್ಣ ರಕ್ತನಾಳಗಳು ಕಂದಾಗಿ, ಆಳದವು ನೀಲಿಹಸಿರಾಗಿ ಬೇರ್ಪಡುತ್ತವೆ. ಮೆಟಾಪ್ಲೇಸಿಯಾ ಇರುವ ಜಾಗದ ಗ್ರಂಥಿಗಳ ಅಂಚಿನಲ್ಲಿ ತಿಳಿನೀಲಿಯ ಕೂದಲೆಳೆಯಂಥ ಗೆರೆಯೊಂದು ಹೊಳೆಯುತ್ತದೆ. 2006ರಲ್ಲಿ ಜಪಾನಿನ ನೊರಿಯಾ ಉಯೆಡೊ ಮತ್ತು ಸಂಗಡಿಗರು ಈ ಗುರುತನ್ನು ವರದಿ ಮಾಡಿದರು. ಡಿಸ್‌ಪ್ಲೇಸಿಯಾ ಅಥವಾ ಆರಂಭಿಕ ಕ್ಯಾನ್ಸರ್ ಬಗ್ಗೆ ಸಂಶಯ ಬಂದರೆ ಎರಡು ಪ್ರಶ್ನೆಗಳು ಏಳುತ್ತವೆ: ಸುತ್ತಲಿನ ಪದರದಿಂದ ಅದನ್ನು ಬೇರ್ಪಡಿಸುವ ಸ್ಪಷ್ಟ ಗೆರೆ ಇದೆಯೇ, ಆ ಗೆರೆಯೊಳಗೆ ರಕ್ತನಾಳಗಳ ಅಥವಾ ಗ್ರಂಥಿಗಳ ವಿನ್ಯಾಸ ಅಡ್ಡಾದಿಡ್ಡಿಯಾಗಿದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಬಲವಾಗುತ್ತದೆ. ಎನ್‌ಬಿಐ ಸೌಲಭ್ಯವಿಲ್ಲದ ಕಡೆ ಇಂಡಿಗೊ ಕಾರ್ಮಿನ್ ಎಂಬ ನೀಲಿ ಬಣ್ಣವನ್ನು ಸಿಂಪಡಿಸಿಯೂ ತಗ್ಗುದಿಣ್ಣೆಗಳನ್ನು ಎದ್ದು ಕಾಣಿಸಬಹುದು.

ಬಯಾಪ್ಸಿ

ಕಣ್ಣಿಗೆ ಕಂಡದ್ದನ್ನು ಸೂಕ್ಷ್ಮದರ್ಶಕ ಖಚಿತಪಡಿಸಬೇಕು. 1990ರಲ್ಲಿ ಸಿಡ್ನಿಯಲ್ಲಿ ರೂಪುಗೊಂಡು, 1994ರಲ್ಲಿ ಹ್ಯೂಸ್ಟನ್‌ನಲ್ಲಿ ಪರಿಷ್ಕರಣೆಗೊಂಡ ಪದ್ಧತಿಯಂತೆ ಐದು ಕಡೆಯಿಂದ ಚೂರು ತೆಗೆಯಬೇಕು: ಆ್ಯಂಟ್ರಂನ ಕಿರುಬಾಗು ಮತ್ತು ಅದರೆದುರಿನ ದೊಡ್ಡ ಅಂಚಾದ ಹಿರಿಬಾಗು, ಜಠರ ಬಾಗುವ ಇನ್ಸಿಸುರಾ ಮೂಲೆ, ನಡುಭಾಗದ ಕಿರುಬಾಗು ಮತ್ತು ಹಿರಿಬಾಗು. ಅನುಮಾನದ ಮಚ್ಚೆ ಇದ್ದರೆ ಅದರಿಂದ ಪ್ರತ್ಯೇಕ ಚೂರು. ಕೆಳಭಾಗದ ಮತ್ತು ನಡುಭಾಗದ ಚೂರುಗಳನ್ನು ಬೇರೆ ಬೇರೆ ಫಾರ್ಮಲಿನ್ ಬಾಟಲಿಗೆ ಹಾಕಿ, ಮೇಲೆ ಜಾಗದ ಹೆಸರು ಬರೆಯಬೇಕು. ಎಲ್ಲವೂ ಒಂದೇ ಬಾಟಲಿಯಲ್ಲಿ ಹೋದರೆ ಬದಲಾವಣೆ ಎಲ್ಲಿಯವರೆಗೆ ಹಬ್ಬಿದೆಯೆಂದು ಪೆಥಾಲಜಿಸ್ಟ್ ಹೇಳಲಾರರು, ಮುಂದಿನ ತಪಾಸಣೆ ಯಾವಾಗ ಎಂಬುದೂ ನಿರ್ಧಾರವಾಗುವುದಿಲ್ಲ. ಹೀಗೆ ಜಾಗವಾರು ತೂಗಿ ಸೊನ್ನೆಯಿಂದ ನಾಲ್ಕರವರೆಗೆ ಅಪಾಯದ ದರ್ಜೆ ಕೊಡುವ ಕ್ರಮಗಳಿಗೆ ಓಲ್ಗಾ, ಓಲ್ಗಿಮ್ ಎಂದು ಹೆಸರು.

ಪೈಲೋರಿ ಇದೆಯೇ ಎಂಬುದನ್ನು ಪರೀಕ್ಷೆಯ ಕೋಣೆಯಲ್ಲೇ ತಿಳಿಯಬಹುದು. ಚೂರೊಂದನ್ನು ಯೂರಿಯಾ ಬೆರೆತ ಹಳದಿ ಕಿಟ್‌ಗೆ ಹಾಕಿದಾಗ ಬ್ಯಾಕ್ಟೀರಿಯಾದ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯ ಬಿಡುಗಡೆ ಮಾಡುವುದರಿಂದ ಬಣ್ಣ ಗುಲಾಬಿಗೆ ತಿರುಗುತ್ತದೆ. ಆದರೆ ಪ್ಯಾಂಟೊಪ್ರಜೋಲ್, ಓಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಗಳನ್ನು ಎರಡು ವಾರ ಮೊದಲೇ ನಿಲ್ಲಿಸಿರಬೇಕು, ಆ್ಯಂಟಿಬಯಾಟಿಕ್ ಮುಗಿದು ನಾಲ್ಕು ವಾರ ಕಳೆದಿರಬೇಕು. ಇಲ್ಲದಿದ್ದರೆ ಸೋಂಕು ಇದ್ದೂ ಇಲ್ಲವೆಂಬ ಫಲಿತಾಂಶ ಬರಬಹುದು.

ಚಿಕಿತ್ಸೆ ಮತ್ತು ನಿಗಾ

ಸೋಂಕಿದ್ದರೆ ಅದನ್ನು ನಿರ್ಮೂಲ ಮಾಡುವುದು ಮೊದಲ ಕೆಲಸ. ಆಮ್ಲ ತಗ್ಗಿಸುವ ಮಾತ್ರೆಯ ಜೊತೆಗೆ ಎರಡು ಅಥವಾ ಹೆಚ್ಚು ಔಷಧಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಭಾರತದಲ್ಲಿ ಮೆಟ್ರೊನಿಡಜೋಲ್‌ಗೆ ಈ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಜಗ್ಗದಿರುವುದರಿಂದ, ಔಷಧ ಮುಗಿದು ನಾಲ್ಕು ವಾರವಾದ ಮೇಲೆ ಮತ್ತೆ ಪರೀಕ್ಷಿಸುವುದು ಅಗತ್ಯ. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ ಇಡೀ ವಯಸ್ಕ ಜನತೆಯನ್ನು ಪರೀಕ್ಷಿಸಿ ಸೋಂಕಿತರಿಗೆ ಚಿಕಿತ್ಸೆ ಕೊಟ್ಟ ಮೇಲೆ ಜಠರ ಕ್ಯಾನ್ಸರ್ ಅರ್ಧಕ್ಕೂ ಕಡಿಮೆಯಾಯಿತು. ಆದರೂ ಮೆಟಾಪ್ಲೇಸಿಯಾ ವ್ಯಾಪಕವಾಗಿದ್ದವರಲ್ಲಿ, ಸೋಂಕು ಹೋದ ಮೇಲೂ ಅಪಾಯ ಪೂರ್ತಿ ಅಳಿಯುವುದಿಲ್ಲ.

2019ರ ಯುರೋಪಿನ ಮಾರ್ಗಸೂಚಿಯಂತೆ, ಬದಲಾವಣೆ ಆ್ಯಂಟ್ರಂಗೆ ಸೀಮಿತವಾಗಿದ್ದು ಬೇರೆ ಅಪಾಯಗಳಿಲ್ಲದಿದ್ದರೆ ಮತ್ತೆ ಮತ್ತೆ ಎಂಡೋಸ್ಕೋಪಿ ಬೇಕಿಲ್ಲ. ನಡುಭಾಗಕ್ಕೂ ಹಬ್ಬಿದ್ದರೆ ಮೂರು ವರ್ಷಕ್ಕೊಮ್ಮೆ, ಮನೆಯವರಲ್ಲಿ ಜಠರ ಕ್ಯಾನ್ಸರ್ ಇದ್ದರೆ ಒಂದೆರಡು ವರ್ಷಕ್ಕೊಮ್ಮೆ ನೋಡಬೇಕು. ಡಿಸ್‌ಪ್ಲೇಸಿಯಾ ಕಂಡರೆ ಕಾಯುವುದು ತರವಲ್ಲ. ಕಣ್ಣಿಗೆ ಕಾಣುವ ಮಚ್ಚೆಯಿದ್ದರೆ ಎಂಡೋಸ್ಕೋಪಿಯಿಂದಲೇ ಅದನ್ನು ತೆಗೆಯುತ್ತಾರೆ. 1990ರ ದಶಕದ ಕೊನೆಗೆ ಜಪಾನಿನಲ್ಲಿ ಬೆಳೆದ ಇಎಸ್‌ಡಿ ವಿಧಾನದಲ್ಲಿ ಮಚ್ಚೆಯ ಕೆಳಗೆ ದ್ರವ ತುಂಬಿ ಮೇಲಕ್ಕೆಬ್ಬಿಸಿ, ಸುತ್ತಲೂ ಕತ್ತರಿಸಿ, ಒಂದೇ ತುಂಡಾಗಿ ಬಿಡಿಸುತ್ತಾರೆ. ಜಠರ ಹಾಗೇ ಉಳಿಯುತ್ತದೆ.

ಸಾಮೂಹಿಕ ತಪಾಸಣೆ

ಜಪಾನ್ 2016ರಿಂದ 50 ದಾಟಿದವರಿಗೆ ಬೇರಿಯಂ ಎಕ್ಸ್‌ರೇಯ ಜೊತೆಗೆ ಎಂಡೋಸ್ಕೋಪಿಯನ್ನೂ ರಾಷ್ಟ್ರೀಯ ತಪಾಸಣೆಗೆ ಸೇರಿಸಿತು. ದಕ್ಷಿಣ ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಈ ತಪಾಸಣೆ ಇದೆ. ಭಾರತದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳ ತಪಾಸಣೆಯಿದೆ, ಜಠರದ್ದಿಲ್ಲ. ಹೀಗಾಗಿ ಇಲ್ಲಿ ಉಳಿದಿರುವ ದಾರಿ, ಅಪಾಯ ಹೆಚ್ಚಿರುವವರನ್ನು ಆರಿಸಿ ಕಳಿಸುವುದು ಮತ್ತು ಬೇರೆ ಕಾರಣಕ್ಕೆ ಮಾಡುವ ಪ್ರತಿ ಎಂಡೋಸ್ಕೋಪಿಯನ್ನೂ ಪೂರ್ಣವಾಗಿ ಮಾಡುವುದು.

ಪರಶುರಾಂಪುರ–ಮೊಳಕಾಲ್ಮೂರು ಸೀಮೆಯಲ್ಲಿ

ವೇದಾವತಿ ದಂಡೆಯ ಪರಶುರಾಂಪುರ ಚಳ್ಳಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ, ಆಂಧ್ರದ ಗಡಿಗೆ ಹತ್ತಿರ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಶೇಂಗಾ ಬೆಳೆಯುವವರು, ಕುರಿ ಕಾಯುವವರು, ಪಕ್ಕದ ಮೊಳಕಾಲ್ಮೂರಿನ ಕಡೆ ರೇಷ್ಮೆ ಸೀರೆ ನೇಯುವವರು ಇಲ್ಲಿನ ದುಡಿಯುವ ಜನ. ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ ಎಲ್ಲಕ್ಕೂ ಇಲ್ಲಿ ಬಳಕೆಯಲ್ಲಿರುವ ಒಂದೇ ಮಾತು ಗ್ಯಾಸ್ಟ್ರಿಕ್. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ಮಾತ್ರೆ ಸುಲಭದ ಪರಿಹಾರ. ಬಹುತೇಕರಿಗೆ ಅದರಿಂದ ತೊಂದರೆಯಾಗದಿದ್ದರೂ ಒಂದು ಅಪಾಯವನ್ನು ತಿಳಿದಿರಬೇಕು. ಆರಂಭಿಕ ಕ್ಯಾನ್ಸರ್‌ನಿಂದಾದ ಹುಣ್ಣೂ ಈ ಮಾತ್ರೆಗಳಿಂದ ತಾತ್ಕಾಲಿಕವಾಗಿ ಮಾಯಬಹುದು. ನೋವು ನಿಂತಿತೆಂದು ಸುಮ್ಮನಾದರೆ ತಿಂಗಳುಗಳು ಕೈಜಾರುತ್ತವೆ. ಮೈಕೈ ನೋವಿಗೆ ದಿನವೂ ನುಂಗುವ ನೋವಿನ ಮಾತ್ರೆಗಳೂ ಹುಣ್ಣು ಮಾಡುವುದರಿಂದ, ಲಕ್ಷಣ ನೋಡಿ ಕಾರಣ ಹೇಳುವುದು ಇನ್ನೂ ಕಷ್ಟ.

ಹಾಗಾಗಿ ಹೋಬಳಿ ಮಟ್ಟದ ವೈದ್ಯರು, ಆಶಾ ಕಾರ್ಯಕರ್ತೆಯರು ಕೇಳಬೇಕಾದ ಪ್ರಶ್ನೆಗಳು ಕೆಲವೇ. ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣವೇ? ತೂಕ ಇಳಿದಿದೆಯೇ? ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುತ್ತದೆಯೇ? ಮಲ ಕಪ್ಪಾಗಿದೆಯೇ? ಕಾರಣ ತಿಳಿಯದ ರಕ್ತಹೀನತೆ ಇದೆಯೇ? ಹೆತ್ತವರು, ಒಡಹುಟ್ಟಿದವರಲ್ಲಿ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಇತ್ತೇ? ಇವುಗಳಲ್ಲಿ ಒಂದಕ್ಕೆ ಹೌದೆಂದರೂ ಮಾತ್ರೆ ಬರೆಯುವ ಮೊದಲು ಎಂಡೋಸ್ಕೋಪಿಗೆ ಕಳಿಸುವುದು ಸರಿ. ಚಿತ್ರದುರ್ಗ, ದಾವಣಗೆರೆ, ಮೊಳಕಾಲ್ಮೂರಿನವರಿಗೆ ಹತ್ತಿರದ ಬಳ್ಳಾರಿ ಈ ಸೀಮೆಯವರು ಚಿಕಿತ್ಸೆಗೆ ಹೋಗುವ ಊರುಗಳು. ಮುಂದಿನ ಹಂತಕ್ಕೆ ಬೆಂಗಳೂರಿನ ಕಿದ್ವಾಯಿ ಇದೆ. 2018ರಲ್ಲಿ ಜಾರಿಯಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ.

ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ, ಬರಿಹೊಟ್ಟೆಯಲ್ಲಿ ಬಂದು ಕೂತವರಿಗೆ ಆ ಪರೀಕ್ಷೆ ಪೂರ್ಣವಾಗಿ ಸಿಗಬೇಕು: ತೊಳೆದು ನೋಡಿದ ಜಠರ, ಜಾಗದ ಹೆಸರು ಬರೆದ ಬಯಾಪ್ಸಿ ಬಾಟಲಿಗಳು, ಪೈಲೋರಿಯ ಫಲಿತಾಂಶ, ಮುಂದೆ ಯಾವ ವರ್ಷ ಬರಬೇಕೆಂಬ ಸೂಚನೆ. ಅದನ್ನು ಕನ್ನಡದಲ್ಲಿ, ಗಡಿಯ ಊರುಗಳಲ್ಲಿ ಬೇಕಾದರೆ ತೆಲುಗಿನಲ್ಲೂ, ಬಿಡಿಸಿ ಹೇಳಬೇಕು. ರೋಗಿಗಳೂ ಎಂಡೋಸ್ಕೋಪಿ ಮತ್ತು ಬಯಾಪ್ಸಿ ವರದಿಗಳನ್ನು ಜೋಪಾನವಾಗಿಟ್ಟು ಮುಂದಿನ ಸಲ ತಪ್ಪದೆ ತರಬೇಕು. ಹಳೆಯ ವರದಿ ಕೈಯಲ್ಲಿದ್ದರೆ ಬದಲಾವಣೆ ಮುಂದುವರಿದಿದೆಯೇ ಇಲ್ಲವೇ ಎಂಬುದು ವೈದ್ಯರಿಗೆ ಕೂಡಲೇ ತಿಳಿಯುತ್ತದೆ, ಬೇಡದ ಮರುಪರೀಕ್ಷೆಯೂ ತಪ್ಪುತ್ತದೆ.